ಚಕ್ಕುಲಿ ಒರಳಿನ ಪರಸ್ಥಾನ

ವಿಜಯನಗರದ ನಮ್ಮ ಆಫೀಸಿನಲ್ಲಿ ಹಗ್ಗ ಕಟ್ಟಿದ ಒಂದು ಪೊಟ್ಟಣವೂ ಕಣ್ಣಿಗೆ ಬೀಳುವುದಿಲ್ಲ. ಆದರೂ ನಮ್ಮದು ಸರಕು ಸಾಗಣೆ ಕಂಪನಿ. ಕೆಳಗೆ ದರ್ಶಿನಿ ಹೋಟೆಲು, ಮೇಲೆ ನಾವು, ನಮ್ಮ ಕಂಪ್ಯೂಟರುಗಳು, ಇಡೀ ದಿನ ಮೂಗಿಗೆ ಒಗ್ಗರಣೆಯ ವಾಸನೆ. ಎಲ್ಲೋ ಒಬ್ಬರು ಲಾರಿಗೆ ಪೆಟ್ಟಿಗೆ ಏರಿಸುತ್ತಾರೆ. ಅದು ಗೋದಾಮಿಗೆ ಹೋಗಿ ಇನ್ನೊಬ್ಬರ ಪೆಟ್ಟಿಗೆಗಳ ಜೊತೆ ಕಂಟೇನರ್ ಸೇರುತ್ತದೆ, ಕಂಟೇನರ್ ರೈಲು ಹತ್ತಿ ಚೆನ್ನೈಗೆ ಹೋಗುತ್ತದೆ, ಅಲ್ಲಿಂದ ಹಡಗು. ಲಾರಿಯವರು, ಗೋದಾಮಿನವರು, ರೈಲಿನವರು, ಹಡಗಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇವರೆಲ್ಲರ ಕಂಪ್ಯೂಟರುಗಳ ನಡುವೆ ಸುದ್ದಿ ಸರಿಯಾಗಿ ಓಡಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಮನೆಯಲ್ಲಿ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಅಡುಗೆಯವರಿಗೂ ಮಾತು ಮುಟ್ಟಿಸುತ್ತಾ ಓಡಾಡುವ ಒಬ್ಬ ಸೋದರತ್ತೆ ಇರುತ್ತಾಳಲ್ಲ, ನಾನು ಅವಳೇ. ಒಂದು ಮಾತು ಹೆಚ್ಚುಕಮ್ಮಿಯಾದರೆ ಬೈಗುಳವೆಲ್ಲ ಅವಳಿಗೇ ಬರುವುದು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಅತ್ತಿಗೆಗೆ ಕೋಪವೇ ಬರುವುದಿಲ್ಲ, ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಕೋಪ. ಅವರು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ನನ್ನ ಜಡೆ ಹೆಣೆದು, ನಾನು ಬೈದರೆ ನಕ್ಕು, ನನ್ನ ಪಾಲಿನ ಪಾತ್ರೆ ತಾವೇ ತೊಳೆದು ನನ್ನನ್ನು ಚೆನ್ನಾಗಿ ಕೆಡಿಸಿದವರು.

ನಮ್ಮಣ್ಣ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡಿನಲ್ಲಿ ಹಿತ್ತಾಳೆಯ ಚಕ್ಕುಲಿ ಒರಳು ಮಾಡುತ್ತಿದ್ದ. ಜಾಗ ಅಪ್ಪನದು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮೊದಲನೇ ಲೇತ್ ಯಂತ್ರವನ್ನು ಮಗನ ಜೊತೆ ಸೇರಿ ತಾವೇ ನಿಲ್ಲಿಸಿದ್ದರು. ಅಣ್ಣನ ಒರಳಿನಲ್ಲಿ ಹಿಟ್ಟು ಅಂಚಿನಿಂದ ಮೇಲಕ್ಕೆ ಉಕ್ಕುತ್ತಿರಲಿಲ್ಲ, ಬಿಲ್ಲೆಯ ತೂತಿನಿಂದಲೇ ನೆಟ್ಟಗೆ ಇಳಿಯುತ್ತಿತ್ತು. ಚಕ್ಕುಲಿ ಒತ್ತಿ ಅಂಗೈ ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಅಂಥ ಅಣ್ಣ ಒಂದು ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದ. ಮನೆಗೆ ನಡೆದುಕೊಂಡು ಬರಲಿಲ್ಲ.

ಅತ್ತಿಗೆ ಗೋವಿಂದರಾಜನಗರದಲ್ಲಿ ಮನೆಯ ಹತ್ತಿರದ ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ತಿಂಗಳ ಕಾರ್ಯಗಳು ನಡೆಯುತ್ತಿರುವಾಗಲೇ ಶಾಲೆ ಬಿಟ್ಟು ಶೆಡ್ಡಿಗೆ ಹೋಗಿ ಕೂತರು. ಅಪ್ಪ ಅದಕ್ಕೆ ಉಲ್ಟಾ. ಮಗ ಹೋದ ಮೇಲೆ ಅವರು ಆ ಬೀದಿಗೇ ಕಾಲಿಡಲಿಲ್ಲ. ರಾಗಿ ಬೀಸಿಸಲು ಶೆಡ್ಡಿನ ಎದುರಿನ ಗಿರಣಿಗೆ ಹೋಗುತ್ತಿದ್ದವರು ಈಗ ಬಿಸಿಲಿನಲ್ಲಿ ಇನ್ನೊಂದು ಗಿರಣಿಯವರೆಗೆ ನಡೆದು ಹೋಗುತ್ತಿದ್ದರು. ವರ್ಷದ ಕಾರ್ಯ ಮುಗಿದ ಮಾರನೆಯ ವಾರ ಊಟಕ್ಕೆ ಕೂತಾಗ, ಜಿಮ್ ಮಾಡಬೇಕೆಂದು ಒಬ್ಬರು ಶೆಡ್ಡಿನ ಜಾಗ ಕೇಳುತ್ತಿದ್ದಾರೆ, ಮಾರಿಬಿಡೋಣ ಅಂದರು. ಹೆಣ್ಣುಮಗಳು ಹಿತ್ತಾಳೆ ಪುಡಿಯಲ್ಲಿ ಯಾಕೆ ಒದ್ದಾಡಬೇಕು ಅಂತಲೂ ಸೇರಿಸಿದರು. ಅತ್ತಿಗೆ ಸಾರು ಬಡಿಸುವುದನ್ನು ನಿಲ್ಲಿಸಿ ಒಂದೇ ಮಾತು ಹೇಳಿದರು.

"ಸಿಂಗಪುರದ ಆರ್ಡರ್ ಒಂದು ನೋಡ್ತೀನಿ ಮಾವ. ದೀಪಾವಳಿಗೆ ಮುಂಚೆ ಅದು ಅಲ್ಲಿಗೆ ತಲುಪಲಿಲ್ಲ ಅಂದ್ರೆ ನೀವು ಹೇಳಿದ ಹಾಗೇ ಮಾಡಿ."

ಸಿಂಗಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಒಬ್ಬರು ಅಣ್ಣನ ಒರಳನ್ನು ಯಾರದೋ ಮನೆಯಲ್ಲಿ ನೋಡಿ ಕೇಳಿ ಬರೆದಿದ್ದರು. ಅಣ್ಣ ಇದ್ದಾಗಿನಿಂದ ಮಾತು ನಡೆದು, ಅವನು ಹೋದ ಮೇಲೆ ನಿಂತು, ಅತ್ತಿಗೆ ಮತ್ತೆ ಹಿಡಿದೆಳೆದ ಆರ್ಡರ್ ಅದು. ಅವರ ಷರತ್ತೂ ನ್ಯಾಯವಾದದ್ದೇ. ಚಕ್ಕುಲಿ ಒರಳು ಹಬ್ಬಕ್ಕೆ ಮುಂಚೆ ಸಿಗಬೇಕು, ಊಟಕ್ಕಿಲ್ಲದ ಉಪ್ಪಿನಕಾಯಿ ಯಾರಿಗೆ ಬೇಕು? ಹಬ್ಬದ ಕಾಲವಾದ್ದರಿಂದ ಕಂಟೇನರುಗಳೆಲ್ಲ ತುಂಬಿದ್ದವು. ಹಬ್ಬಕ್ಕೆ ಮೊದಲು ಮುಟ್ಟುವ ಹಡಗು ಒಂದೇ, ಆ ಹಡಗಿಗೆ ಹೋಗುವ ಹಂಚಿಕೆಯ ಕಂಟೇನರಿನಲ್ಲಿ ಕಾಡಿಬೇಡಿ ಒಂದು ಮೂಲೆ ಹಿಡಿದುಕೊಟ್ಟವಳು ನಾನು. ಆ ಕಂಟೇನರಿಗೆ ಸರಕು ತುಂಬುವ ಗೋದಾಮು ನಗರದ ಇನ್ನೊಂದು ತುದಿಯಲ್ಲಿ, ವೈಟ್‌ಫೀಲ್ಡಿನ ಆಚೆ.

ಆ ವರ್ಷ ನಮ್ಮ ಆಫೀಸಿನವರು ಗಿರಾಕಿಗಳ ಕೈಗೆ ಒಂದು ಆ್ಯಪ್ ಕೊಟ್ಟಿದ್ದರು. ಮೊದಲಾಗಿದ್ದರೆ ಲಾರಿ ಹೊರಟಿತೇ ಅಂತ ಫೋನ್ ಮಾಡಿ ಕೇಳಿ ನಾವೇ ತುಂಬುತ್ತಿದ್ದೆವು. ಈಗ ಲಾರಿ ಹೊರಡುವಾಗ ಗಿರಾಕಿಯೇ ಒಂದು ಬಟನ್ ಒತ್ತಿದರೆ ಸಾಕು. ಸುದ್ದಿ ಒಂದೇ ಏಟಿಗೆ ಗೋದಾಮಿಗೆ, ರೈಲಿಗೆ, ಹಡಗಿಗೆ, ಸಿಂಗಪುರದ ಅಂಗಡಿಗೆ ಹೋಗುತ್ತದೆ. ಗೋದಾಮಿನ ಕಂಪ್ಯೂಟರ್ ದಾರಿಯ ಲೆಕ್ಕ ಹಾಕಿ ಗೇಟಿನಲ್ಲಿ ಒಂದು ಹೊತ್ತು ಗೊತ್ತು ಮಾಡುತ್ತದೆ. ಆ ಹೊತ್ತಿಗೆ ಸರಕು ಬರದಿದ್ದರೆ ಕಾದು ಕೂತಿರುವ ಇನ್ನೊಬ್ಬರಿಗೆ ಜಾಗ ಹೋಗುತ್ತದೆ. ನಾನು ಅತ್ತಿಗೆಯನ್ನು ಕೂರಿಸಿಕೊಂಡು ಪಾಠ ಮಾಡಿದೆ. ಹೊರಟಾಗ ಇದನ್ನು ಒತ್ತಬೇಕು, ಒತ್ತಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಅಂತ ಒತ್ತಿ ಹೇಳಿದೆ. ಅವರು ನರ್ಸರಿ ಮಕ್ಕಳ ಹಾಗೆ ತಲೆಯಾಡಿಸಿದರು. ಹೊರಡುವುದು ಅಂದರೆ ಏನು ಅಂತ ನಾನು ಹೇಳಿಕೊಡಲಿಲ್ಲ. ಅದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಜ್ಜಿ ಊರಿಗೆ ಹೊರಡುವ ದಿನ ಒಳ್ಳೆಯ ಗಳಿಗೆ ಬೆಳಿಗ್ಗೆ ಇದ್ದು ಬಸ್ಸು ರಾಹುಕಾಲದಲ್ಲಿದ್ದರೆ, ಒಳ್ಳೆಯ ಗಳಿಗೆಯಲ್ಲಿ ತನ್ನ ಬಟ್ಟೆಯ ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಇದಕ್ಕೆ ಪರಸ್ಥಾನ ಇಡುವುದು ಅನ್ನುತ್ತಾರೆ. ಚೀಲ ಹೊಸಲು ದಾಟಿತೆಂದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ದೋಷವಿಲ್ಲ, ಹೋಗುವಾಗ ಚೀಲ ಎತ್ತಿಕೊಂಡರಾಯಿತು. ಅಣ್ಣ ಇದನ್ನು ವ್ಯಾಪಾರಕ್ಕೆ ತಂದಿದ್ದ. ಲೋಡ್ ಹೋಗುವ ದಿನ ಒಳ್ಳೆಯ ಗಳಿಗೆಯಲ್ಲಿ ಮೊದಲನೇ ಪೆಟ್ಟಿಗೆಗೆ ಕುಂಕುಮ ಇಟ್ಟು ಎದುರಿನ ಹಿಟ್ಟಿನ ಗಿರಣಿಯಲ್ಲಿ ಇಟ್ಟು ಬರುತ್ತಿದ್ದ. ಲಾರಿ ನಿಧಾನವಾಗಿ ತುಂಬಿಕೊಂಡು, ಹೋಗುವಾಗ ಆ ಪೆಟ್ಟಿಗೆಯನ್ನೂ ಏರಿಸಿಕೊಂಡು ಹೋಗುತ್ತಿತ್ತು. ನಾನು ಇದನ್ನು ಆಡಿಕೊಂಡು ನಗುತ್ತಿದ್ದೆ. ಹಾಗಂತ ನನ್ನ ಸ್ಕೂಟರನ್ನು ಷೋರೂಮಿನಿಂದ ತಂದದ್ದು ರಾಹುಕಾಲ ಕಳೆದ ಮೇಲೆಯೇ.

ಲೋಡ್ ಹೋಗಬೇಕಾದ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಆಫೀಸಿನಲ್ಲಿ ಕೂತು ಕಾಫಿ ಕುಡಿಯುತ್ತಾ ಪರದೆ ನೋಡಿದೆ. ಅತ್ತಿಗೆಯ ಸರಕು ಬೆಳಿಗ್ಗೆಯೇ ಹೊರಟಿದೆ ಅಂತ ತೋರಿಸುತ್ತಿತ್ತು. ಒಳ್ಳೆಯದಾಯಿತು ಅಂದುಕೊಂಡೆ. ಆಮೇಲೆ ಲಾರಿಯ ಚುಕ್ಕೆ ನೋಡಿದರೆ ಅದು ರಾಜಾಜಿನಗರದಲ್ಲಿ ಶೆಡ್ಡಿನ ಮುಂದೆಯೇ ಗೂಟ ಹೊಡೆದುಕೊಂಡು ನಿಂತಿತ್ತು. ಟ್ರ್ಯಾಕರ್ ಕೆಟ್ಟಿರಬೇಕು ಅಂತ ಅತ್ತಿಗೆಗೆ ಫೋನ್ ಮಾಡಿದೆ. ಲಾರಿ ಎಲ್ಲಿದೆ ಅಂದರೆ ಇಲ್ಲೇ ಇದೆ, ಇನ್ನೂ ಅರ್ಧ ತುಂಬಬೇಕು ಅಂದರು. ಹಾಗಾದರೆ ಬಟನ್ ಯಾರು ಒತ್ತಿದರು ಅಂತ ಕೇಳಿದೆ.

"ನಾನೇ ಒತ್ತಿದೆ ಕಣೇ. ಪೆಟ್ಟಿಗೆ ಆಗಲೇ ಗಿರಣೀಲಿ ಇಟ್ಟು ಬಂದ್ನಲ್ಲ."

ನನ್ನ ಬಾಯಿಂದ ಮಾತು ಹೊರಟಿತು. ಬೇಕಾದದ್ದಕ್ಕಿಂತ ಹೆಚ್ಚೇ ಹೊರಟಿತು. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ನಿಮ್ಮ ಪಂಚಾಂಗವನ್ನು ಗೋದಾಮಿನ ಕಂಪ್ಯೂಟರ್ ಓದುವುದಿಲ್ಲ, ಅದು ಲಾರಿ ಬರುತ್ತಿದೆ ಅಂತ ನಂಬಿ ಗೇಟಿನ ಹೊತ್ತು ಗೊತ್ತು ಮಾಡಿ ಕೂತಿದೆ, ಮಧ್ಯಾಹ್ನ ಒಂದು ಗಂಟೆಯೊಳಗೆ ಏನೂ ಬರದಿದ್ದರೆ ಜಾಗ ಹೋಯಿತು, ಹಡಗೂ ಹೋಯಿತು ಅಂದೆ. ಲಾರಿಯವರು ಈಗಲೇ ಹೊರಟರೂ ಊರು ಸುತ್ತಿ ಅಲ್ಲಿಗೆ ಮುಟ್ಟುವುದು ಸಂಜೆಗೇ, ಹಗಲು ಅವರನ್ನು ನಗರದೊಳಗೆ ಬಿಡುವುದಿಲ್ಲ ಅಂತಲೂ ಹೇಳಿದೆ. ಅತ್ತ ಕಡೆ ಲೇತ್ ತಿರುಗುವುದು ಕೇಳಿಸುತ್ತಿತ್ತು. ನಂತರ ಅತ್ತಿಗೆ ಬಹಳ ಮೆಲ್ಲಗೆ, ಮಾವನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ ಅಂದರು.

ಆ ಮಾತು ಕೇಳಿ ನನ್ನ ಕೋಪವೆಲ್ಲ ಇಳಿದುಹೋಯಿತು. ಗೋದಾಮಿನ ಮೇಜಿಗೆ ಫೋನ್ ಹಚ್ಚಿದೆ. ಅಲ್ಲಿ ಕೂರುವ ಹೆಂಗಸಿನ ಜೊತೆ ವರ್ಷಗಳಿಂದ ಪರದೆಯ ಮೇಲೆ ವ್ಯವಹಾರ, ದನಿ ಕೇಳಿದ್ದು ಅಪರೂಪ. ತಮಿಳಿನ ಎಳೆ ಇರುವ ಕನ್ನಡ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಬೇರೆಯವರಾಗಿದ್ದರೆ ನಗುತ್ತಿದ್ದರು. ಅವರು ತಮ್ಮ ತಾಯಿಯೂ ಪ್ರಯಾಣಕ್ಕೆ ಮುಂಚೆ ಪಕ್ಕದ ಮನೆಯಲ್ಲಿ ಅಕ್ಕಿಯ ಗಂಟು ಇಡುತ್ತಿದ್ದರು ಅಂದರು. ಬುಕಿಂಗ್ ರದ್ದು ಮಾಡಿ ಹೊಸದಾಗಿ ಮಾಡಿದರೆ ಸಾಲಿನ ಕೊನೆಗೆ ಹೋಗುತ್ತೀರಿ, ಅದು ಬೇಡ ಅಂತ ಎಚ್ಚರಿಸಿದರು. ಸ್ವಲ್ಪ ಹೊತ್ತು ಕೀಲಿಗಳ ಟಕಟಕ ಕೇಳಿಸಿತು.

"ಮೇಡಂ, ದೊಡ್ಡ ಪಾರ್ಟಿಗಳ ಸರಕು ನಾಲ್ಕೈದು ಗಾಡೀಲಿ ಬರುತ್ತಲ್ಲ, ಅವರಿಗೆ ಒಂದು ರೂಲ್ ಇದೆ. ಟೈಮ್ ಒಳಗೆ ಒಂದೇ ಒಂದು ಬಾಕ್ಸ್ ಇಲ್ಲಿ ಸ್ಕ್ಯಾನ್ ಆದ್ರೂ ಸಾಕು, ಸಾಯಂಕಾಲ ಕಂಟೇನರ್ ಮುಚ್ಚೋವರೆಗೂ ಜಾಗ ಅವರದ್ದೇ. ನಿಮಗೂ ಅದೇ ರೂಲ್."

ಒಂದೇ ಒಂದು ಬಾಕ್ಸ್. ನಾನು ಆಫೀಸಿನಲ್ಲಿ ಯಾರಿಗೂ ಹೇಳದೆ ಮೆಟ್ಟಿಲಿಳಿದು ಸ್ಕೂಟರ್ ಏರಿದೆ. ಕೆಂಗೇರಿ ಉಪನಗರದ ನನ್ನ ಮನೆಯಿಂದ ದಿನಾ ಮೆಟ್ರೊದಲ್ಲೇ ಬರುವವಳು, ಆ ದಿನ ಸಂಜೆ ತರಕಾರಿ ಕೊಳ್ಳಬೇಕೆಂದು ಸ್ಕೂಟರ್ ತಂದಿದ್ದೆ. ದೇವರು ದೊಡ್ಡವನು ಅನ್ನುವುದು ಇಂಥದ್ದಕ್ಕೇ. ರಾಜಾಜಿನಗರ ಮುಟ್ಟುವಷ್ಟರಲ್ಲಿ ರಾಹುಕಾಲ ಶುರುವಾಗಿತ್ತು. ಅತ್ತಿಗೆ ಬರುತ್ತಾರೋ ಇಲ್ಲವೋ ಅನ್ನುವ ಅನುಮಾನದಿಂದಲೇ, ಈಗಲೇ ಹೊರಡಬೇಕು ಅಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, ಪೆಟ್ಟಿಗೆ ಒಳ್ಳೆ ಗಳಿಗೆಯಲ್ಲೇ ಹೊರಟಾಗಿದೆ, ಇನ್ನು ರಾಹುವಿಗೆ ಇಲ್ಲೇನು ಕೆಲಸ ಅಂದರು. ಗಿರಣಿಯಿಂದ ಪೆಟ್ಟಿಗೆ ಎತ್ತಿಕೊಂಡೆವು. ಮೇಲೆಲ್ಲ ಹಿಟ್ಟಿನ ಧೂಳು ಕೂತಿತ್ತು, ಅದರ ನಡುವೆ ಬಾರ್‌ಕೋಡಿನ ಚೀಟಿ, ಚೀಟಿಯ ಪಕ್ಕದಲ್ಲಿ ಕುಂಕುಮ. ಅತ್ತಿಗೆ ಸೆರಗಿನಿಂದ ಚೀಟಿಯನ್ನಷ್ಟೇ ಒರೆಸಿದರು.

ವೈಟ್‌ಫೀಲ್ಡಿನವರೆಗೆ ನೇರ ರೈಲು ಸಿಗುವ ವಿಜಯನಗರಕ್ಕೆ ಸ್ಕೂಟರಿನಲ್ಲೇ ವಾಪಸ್ ಬಂದೆವು. ಮೆಟ್ರೊ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಪೆಟ್ಟಿಗೆ ತೆರೆಸಿದಳು. ಯಂತ್ರದ ಪರದೆಯಲ್ಲಿ ಹಿತ್ತಾಳೆಯ ಕೊಳವೆಗಳು ಒಂದರ ಪಕ್ಕ ಒಂದು ಮಲಗಿದ್ದು ಅವಳಿಗೆ ಬೇರೆ ಏನೋ ಕಂಡಿರಬೇಕು. ನಾನು ಬಾಯಿ ಬಿಡುವ ಮೊದಲೇ ಅತ್ತಿಗೆ ಒಂದು ಒರಳು ತೆಗೆದು, ಬಿಲ್ಲೆ ಹಾಕಿ, ಹಿಟ್ಟು ಹೇಗೆ ಇಳಿಯುತ್ತದೆ ಅಂತ ತೋರಿಸತೊಡಗಿದರು. ಹಿಂದಿನ ಸಾಲು ಬೆಳೆಯುತ್ತಿತ್ತು. ಆಕೆ ಎಲ್ಲ ಬಿಲ್ಲೆಗಳನ್ನೂ ನೋಡಿ, ಶಾವಿಗೆಗೂ ಬರುತ್ತಾ ಆಂಟಿ ಅಂತ ವಿಚಾರಿಸಿ ಒಳಗೆ ಬಿಟ್ಟಳು. ಸಿಂಗಪುರಕ್ಕೆ ಹೊರಟ ಸರಕನ್ನು ಅಷ್ಟು ಆಸೆಯಿಂದ ತಪಾಸಣೆ ಮಾಡಿದ್ದನ್ನು ನಾನು ನನ್ನ ಕೆಲಸದಲ್ಲಿ ಮತ್ತೆ ನೋಡಿಲ್ಲ.

ರೈಲಿನಲ್ಲಿ ಯಾರೋ ಎದ್ದು ಅತ್ತಿಗೆಗೆ ಜಾಗ ಕೊಟ್ಟರು. ಪೆಟ್ಟಿಗೆಯನ್ನು ಕಾಲ ಬಳಿ ಇಡಿ ಅಂದರೂ ಕೇಳದೆ ತೊಡೆಯ ಮೇಲೆ ಇಟ್ಟುಕೊಂಡರು. ಮೆಜೆಸ್ಟಿಕ್ ದಾಟಿತು, ಪಕ್ಕದ ಸೀಟೂ ಖಾಲಿಯಾಯಿತು, ನಾನು ಕೂತೆ. ಈ ರೈಲು ಇಷ್ಟು ದೂರ ಹೋಗುತ್ತದೆಂದು ಗೊತ್ತಿರಲಿಲ್ಲ ಅಂತ ಅತ್ತಿಗೆ ಕಿಟಕಿಯ ಕಡೆ ತಿರುಗಿ ಅಂದರು. ನಾನು ಫೋನಿನಲ್ಲಿ ಗೋದಾಮಿನ ಹೆಂಗಸಿಗೆ ಯಾವ ನಿಲ್ದಾಣ ದಾಟಿದೆವು ಅಂತ ಕಳಿಸುತ್ತಿದ್ದೆ. ಲಾರಿಗೆ, ರೈಲಿಗೆ, ಹಡಗಿಗೆ ಮಾಡುವ ಚಾಕರಿಯನ್ನು ಆ ದಿನ ಅತ್ತಿಗೆಯ ತೊಡೆಗೆ ಮಾಡಿದೆ. ಸಿಟ್ಟಿನಲ್ಲಿ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬೇರೆ ಏನನ್ನೋ ಯೋಚಿಸುತ್ತಿದ್ದರು. ಅಪ್ಪನಿಗೆ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ, ಜಾಗ ಮಾರುವುದೊಂದೇ ಅವರ ತಲೆಯಲ್ಲಿ ಅಂದೆ. ಅದಕ್ಕೆ ಮಾತ್ರ ಅವರು ನನ್ನ ಕಡೆ ತಿರುಗಿದರು.

"ಮಾವನ್ನ ಹಾಗನ್ಬೇಡ. ಆ ಲೇತ್ ಸದ್ದು ಕೇಳಿದ್ರೆ ಅವರಿಗೆ ಮಗ ಒಳಗಿದಾನೆ ಅನ್ಸುತ್ತೆ. ಅದಕ್ಕೇ ಮಾರ್ಬೇಕು ಅಂತಾರೆ. ನನಗೂ ಹಾಗೇ ಅನ್ಸುತ್ತೆ ಕಣೇ. ಅದಕ್ಕೇ ನನಗದು ಬೇಕು."

ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. ಹಿತ್ತಾಳೆ ಪುಡಿ ಕೂತು ಬೆರಳ ಸಂದು ಹಳದಿಯಾಗಿತ್ತು. ಅಣ್ಣನ ಕೈಯೂ ಹೀಗೇ ಇರುತ್ತಿತ್ತು. ಅಷ್ಟು ಜನರ ನಡುವೆ ನಾವಿಬ್ಬರೂ ಅತ್ತೆವು, ಸದ್ದಿಲ್ಲದೆ ಅತ್ತೆವು. ಎದುರು ಕೂತಿದ್ದ ಹುಡುಗಿ ನೀರಿನ ಬಾಟಲಿ ಮುಂದೆ ಹಿಡಿದಳು. ಏನಾಯಿತು ಅಂತ ಕೇಳಲಿಲ್ಲ, ಒಳ್ಳೆಯ ಹುಡುಗಿ.

ಕೊನೆಯ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದೆವು. ಗೇಟಿನಲ್ಲಿ ಉದ್ದುದ್ದ ಟ್ರೇಲರುಗಳ ಸಾಲು, ಒಂದೊಂದರ ಚಕ್ರವೂ ನಮ್ಮ ಎದೆಯೆತ್ತರ. ಅವುಗಳ ಹಿಂದೆ ನಮ್ಮ ಆಟೊ ನಿಂತಿತು. ಗಾಡಿ ಸಂಖ್ಯೆ ಬರೆದುಕೊಳ್ಳಲು ಬಂದ ಕಾವಲಿನವರು ಲಾರಿ ಎಲ್ಲಿ ಅಂದರು. ಇದೇ ಅಂದೆ. ಅವರು ಒಳಗೆ ಫೋನ್ ಮಾಡಿದರು. ನನ್ನ ವಯಸ್ಸಿನವರೇ ಆದ, ಮುಡಿ ತುಂಬ ಕನಕಾಂಬರ ಮುಡಿದಿದ್ದ ಹೆಂಗಸೊಬ್ಬರು ಕೈಯಲ್ಲಿ ಸ್ಕ್ಯಾನರ್ ಹಿಡಿದುಕೊಂಡು ಓಡೋಡಿ ಬಂದರು. ಇಷ್ಟು ವರ್ಷ ಪರದೆಯಲ್ಲಿ ಮೂರಕ್ಷರದ ಸಂಕೇತವಾಗಿದ್ದವರು ಇವರೇ. ಅತ್ತಿಗೆಯ ಕೈಯಲ್ಲಿದ್ದ ಪೆಟ್ಟಿಗೆಗೆ ಸ್ಕ್ಯಾನರ್ ಹಿಡಿದರು. ಹಿಟ್ಟು ಮೆತ್ತಿ ಮೊದಲ ಸಲ ಓದಲಿಲ್ಲ. ಅತ್ತಿಗೆ ಮತ್ತೆ ಸೆರಗಿನಿಂದ ಒರೆಸಿದರು. ಕೀಂಕ್ ಅಂದಿತು. ನನ್ನ ಫೋನಿಗೂ ಆ ಕ್ಷಣದಲ್ಲೇ ಸುದ್ದಿ ಬಂತು. ಸರಕು ಬರಲು ಶುರುವಾಗಿದೆ, ಜಾಗ ಉಳಿದಿದೆ.

ನಮ್ಮ ಲಾರಿ ಸಂಜೆ ಕಂಟೇನರ್ ಮುಚ್ಚುವ ಮೊದಲು ಬಂತು. ಮಧ್ಯಾಹ್ನ ಆ ಹೆಂಗಸು ತಮ್ಮ ಡಬ್ಬಿಯ ಪುಳಿಯೋಗರೆಯನ್ನು ನಮಗೂ ಹಂಚಿದ್ದರು. ಅತ್ತಿಗೆ ಪೆಟ್ಟಿಗೆಯಿಂದ ಒಂದು ಒರಳನ್ನು ಅವರಿಗೆ ಕೊಡಲು ಹೋದರು. ಎಣಿಕೆ ತಪ್ಪಿದರೆ ಸಿಂಗಪುರದಲ್ಲಿ ತಕರಾರಾಗುತ್ತದೆ, ಕೊಡಬೇಡಿ ಅಂತ ಅವರೇ ಗದರಿಸಿದರು. ಮುಂದಿನ ವಾರ ಅತ್ತಿಗೆ ಅವರಿಗೆ ಬೇರೆ ಒಂದನ್ನು ಕೊರಿಯರ್ ಮಾಡಿದರು, ನಾನು ಅಡ್ರೆಸ್ ಕೊಡುವವರೆಗೂ ಬಿಡಲಿಲ್ಲ.

ಆಮೇಲೆ ಕಾಯುವ ಕೆಲಸ. ಕಂಟೇನರ್ ರೈಲು ಹತ್ತಿತು ಅಂತ ಸುದ್ದಿ ಬಂತು, ಬಂದರಿಗೆ ಸೇರಿತು ಅಂತ ಬಂತು, ಹಡಗು ಬಿಟ್ಟಿತು ಅಂತ ಬಂತು. ನಾನು ಒಂದೊಂದನ್ನೂ ಅತ್ತಿಗೆಗೆ ಕಳಿಸುತ್ತಿದ್ದೆ. ಮೊದಲೆಲ್ಲ ಇಂಥ ಸಾಲುಗಳನ್ನು ದಿನಕ್ಕೆ ನೂರು ನೋಡಿ ನೂರು ಮರೆಯುತ್ತಿದ್ದೆ. ಈಗ ಒಂದೊಂದು ಸಾಲಿನ ಹಿಂದೆಯೂ ಯಾರೋ ಅನ್ನ ಸೇರದೆ ಕೂತಿರಬಹುದು ಅನ್ನಿಸುತ್ತದೆ. ಅಪ್ಪ ಆ ದಿನಗಳಲ್ಲಿ ಏನೂ ಕೇಳುತ್ತಿರಲಿಲ್ಲ. ಆದರೆ ನಾನು ಮನೆಗೆ ಫೋನ್ ಮಾಡಿದಾಗ ಟೀವಿಯ ಸದ್ದು ಕಮ್ಮಿಯಾಗುವುದು ನನಗೆ ಕೇಳಿಸುತ್ತಿತ್ತು.

ಹಬ್ಬಕ್ಕೆ ವಾರವಿರುವಾಗ, ಒಂದು ಭಾನುವಾರ ಬೆಳಿಗ್ಗೆ, ಗೋವಿಂದರಾಜನಗರದ ಮನೆಯಲ್ಲೇ ಇದ್ದೆ. ತಲುಪಿದೆ ಅಂತ ಸುದ್ದಿ ಬಂತು. ಅದರ ಬೆನ್ನಿಗೇ ಅಂಗಡಿಯವರಿಂದ ಇನ್ನೊಂದು ಸಂದೇಶ, ಸಂಕ್ರಾಂತಿಯ ಹೊತ್ತಿಗೆ ಇನ್ನಷ್ಟು ಕಳಿಸಬಹುದಾ ಅಂತ. ನಾನು ಗಟ್ಟಿಯಾಗಿ ಓದಿದೆ. ಅತ್ತಿಗೆ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತರು. ಅಪ್ಪ ಕನ್ನಡಕ ತೆಗೆದು ಪೇಪರ್ ಮಡಿಸಿಟ್ಟರು. ತಮ್ಮ ಫೋನ್ ಎತ್ತಿಕೊಂಡು ಜಿಮ್ ಮಾಡುವವರಿಗೆ ಫೋನ್ ಹಚ್ಚಿದರು.

"ಜಾಗ ಸಿಗಲ್ಲ ಸಾರ್. ಓನರ್ ಒಪ್ತಾ ಇಲ್ಲ." ಅತ್ತ ಕಡೆಯವರು ಏನೋ ಕೇಳಿರಬೇಕು. "ನಾನಲ್ಲ ಸಾರ್, ನನ್ನ ಸೊಸೆ."

ಫೋನ್ ಇಟ್ಟ ಮೇಲೆ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಪ್ಪ ಯಾರನ್ನೂ ಏನನ್ನೂ ಕೇಳಿದವರಲ್ಲ. ಈಗ, ನಾಳೆಯಿಂದ ಶೆಡ್ಡಿಗೆ ಬರಲಾ, ನನಗೇನಾದರೂ ಕೆಲಸ ಇದೆಯಾ ಅಂತ ಸೊಸೆಯನ್ನು ಕೇಳಿದರು. ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. ಅತ್ತಿಗೆ ಒಲೆ ಆರಿಸಿದರು.

"ಬನ್ನಿ ಮಾವ. ದೊಡ್ಡ ಲೇತ್ ಯಾಕೋ ಬೇರೆ ಥರ ಸದ್ದು ಮಾಡ್ತಿದೆ. ನನಗೆ ಗೊತ್ತಾಗಲ್ಲ. ನೀವು ಬಂದು ಕೇಳಿ ಹೇಳಿ."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕೇಳ್ತೀನಮ್ಮ" ಅಂದರು.